ಹೊತ್ತು ಮುಳುಗುವುದರೊಳಗೆ

ಜಿನಮತಿ ಅಕ್ಕನ ಡಬ್ಬಿ ತೆರೆಯುವ ಸದ್ದು ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಸ್ಟೀಲಿನ ಡಬ್ಬಿ, ಕ್ಲಿಪ್ಪು ತುಸು ಬಿಗಿ, ಟಕ್ಕೆಂದು ಬಿಚ್ಚಿಕೊಳ್ಳುತ್ತದೆ. ಕಿಟಕಿಯಾಚೆ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳ ತಗಡಿನ ಮಾಡುಗಳ ಮೇಲೆ ಬಿಸಿಲು ಕೆಂಪಾಗುವ ಹೊತ್ತಿಗೆ ಆ ಸದ್ದು ಕೇಳಿಸುತ್ತದೆ. ಸೂರ್ಯ ಮುಳುಗಿದ ಮೇಲೆ ಅಕ್ಕ ಏನನ್ನೂ ತಿನ್ನುವುದಿಲ್ಲ. ಪಾರಿಶ್ವಾಡದ ಜೈನರ ಮನೆಯಲ್ಲಿ ಹುಟ್ಟಿದ ಅವರಿಗೆ ಇದು ಚಿಕ್ಕಂದಿನಿಂದ ಬಂದ ರೂಢಿ.

ಡಿಪ್ಲೊಮಾ ಮುಗಿಸಿ ಬೆಳಗಾವಿಯ ಒಂದು ಫೌಂಡ್ರಿಗೆ ಸೇರಿದ ಅಕ್ಕ, ಅಲ್ಲಿನ ಕಂಪ್ಯೂಟರು ನಿಂತಾಗಲೆಲ್ಲ ಬೈಸಿಕೊಂಡು ಬೇಸತ್ತು, ತಾವೇ ಪ್ರೋಗ್ರಾಂ ಬರೆಯಲು ಕಲಿತರು. ಈಗ ಪದ್ಮಾಕರ ಸರ್ ಅವರ ಸಣ್ಣ ಕಂಪನಿಯಲ್ಲಿ ಸಾಫ್ಟ್‌ವೇರ್ ವಿಭಾಗ ನೋಡಿಕೊಳ್ಳುತ್ತಾರೆ. ಕುಲುಮೆ ಎಷ್ಟು ಕಾದಿದೆ, ಯಾವ ಯಂತ್ರ ಏಕೆ ನಿಂತಿದೆ ಎಂಬುದನ್ನು ಪರದೆಯ ಮೇಲೆ ತೋರಿಸುವ ಸಾಫ್ಟ್‌ವೇರ್ ನಮ್ಮದು. ಅದಕ್ಕೆ ಗಿರಾಕಿಗಳಿದ್ದರು, ಕೆಲಸಗಾರರು ನಿಲ್ಲುತ್ತಿರಲಿಲ್ಲ. ಕೆಲಸ ಕೈಗೆ ಹತ್ತುವಷ್ಟರಲ್ಲಿ ಹುಡುಗರು ಪುಣೆಯ ಬಸ್ಸು ಹತ್ತಿಬಿಡುತ್ತಿದ್ದರು.

"ಈ ಸಲ ತಂದ ಹುಡುಗ್ರು ನಿಂತ್ರ ನಿಮ್ಮ ವಿಭಾಗ ಉಳಿತೈತಿ ಅಕ್ಕಾರ," ಎಂದಿದ್ದರಂತೆ ಪದ್ಮಾಕರ ಸರ್. "ಇಲ್ಲಂದ್ರ ಕೆಲಸ ಹೊರಗಿನವರಿಗೆ ಕೊಟ್ಟು ಬಾಗಲಾ ಹಾಕೂದ."

ಹಾಗೆ ಅವರಿಬ್ಬರೂ ಖಾನಾಪುರದ ನಮ್ಮ ಕಾಲೇಜಿಗೆ ಬಂದರು. ಕೊನೆಯ ವರ್ಷದವರನ್ನೆಲ್ಲ ಒಂದೇ ಕೋಣೆಯಲ್ಲಿ ಕೂರಿಸಿದ್ದರು. ಪದ್ಮಾಕರ ಸರ್ ಗೋಡೆಯ ಮೇಲೆ ಚಿತ್ರ ತೋರಿಸುತ್ತ, ಕಂಪನಿ ಅಂದರೆ ಒಂದು ಮನೆತನ ಇದ್ದಂತೆ ಎಂದರು. ಏನಾದರೂ ಕೇಳುವುದಿದೆಯೇ ಎಂದಾಗ ನಮ್ಮ ತರಗತಿಯ ರಸಿಕಾ ಎದ್ದು ನಿಂತಳು.

"ಊಟ ಯಾವಾಗ್ರೀ?"

ಇಡೀ ಕೋಣೆ ನಕ್ಕಿತು. ರಸಿಕಾ ನಗಲಿಲ್ಲ. ಕಂಪನಿ ಕೆಲಸಕ್ಕೆ ಹೋಗಿದ್ದ ಅವಳ ಅಣ್ಣ ಹೊತ್ತಿಗೆ ಊಟವಿಲ್ಲದೆ ಹೊಟ್ಟೆ ಕೆಡಿಸಿಕೊಂಡು ಮನೆಗೆ ಮರಳಿದ್ದ.

ಜಿನಮತಿ ಅಕ್ಕ ಹಿಂದೆ ಬಗ್ಗಿ ಪ್ರೊಜೆಕ್ಟರಿನ ವೈರು ಸರಿಮಾಡುತ್ತಿದ್ದರು. ಬೆಳಗಿನಿಂದ ಕಾಲೇಜಿನವರು ಒಬ್ಬರಾದ ಮೇಲೊಬ್ಬರು ಅವರನ್ನು ಊಟಕ್ಕೆ ಕರೆದಿದ್ದರು. ನಮ್ಮ ಕಡೆ ಬಂದವರನ್ನು ಊಟ ಕೇಳದೆ ಕಳಿಸುವುದುಂಟೇ? ಇದೂ ಅಂಥದೇ ಒಂದು ಕರೆ ಎಂದುಕೊಂಡು ಅವರು ತಲೆಯೆತ್ತದೆ ಹೇಳಿದರು:

"ಹೊತ್ತು ಮುಳುಗೂದರಾಗವಾ. ಆಮ್ಯಾಲ ಇಲ್ಲ."

ನಾವು ಅದನ್ನು ಕಂಪನಿಯ ನಿಯಮವೆಂದು ತಿಳಿದೆವು. ರಸಿಕಾ ಅಲ್ಲೇ ಹೆಸರು ಕೊಟ್ಟಳು. ಪರಾಗ ಕೊಟ್ಟ. ನಾನೂ ಕೊಟ್ಟೆ, ಇನ್ನೂ ಕೆಲವರು ಕೊಟ್ಟರು.

ಕೆಲಸಕ್ಕೆ ಸೇರಿದ ಮೊದಲ ದಿನ ಬಿಸಿಲು ಕೆಂಪಾಯಿತು. ಅಕ್ಕನ ಡಬ್ಬಿ ಟಕ್ಕೆಂದಿತು. ನಾವೆಲ್ಲ ಎದ್ದು ನಮ್ಮ ನಮ್ಮ ಡಬ್ಬಿ ಹಿಡಿದು ನಿಂತೆವು. ಪದ್ಮಾಕರ ಸರ್ ಕ್ಯಾಬಿನ್ನಿನಿಂದ ಹೊರಬಂದರು.

"ಏನ್ ಇದು? ಲಗ್ನದ ಪಂಕ್ತೀನು?"

"ರೂಲ್ ಐತೆಲ್ರೀ ಸರ್," ಎಂದಳು ರಸಿಕಾ. "ಹೊತ್ತು ಮುಳುಗೂದರಾಗ ಊಟ. ಮೇಡಂ ಹೇಳಿದ್ರಲ್ಲಾ, ಕಾಲೇಜಿನ್ಯಾಗ."

ಅಕ್ಕನ ಕೈಯಲ್ಲಿ ರೊಟ್ಟಿ ಹಾಗೇ ನಿಂತಿತು. ಎಲ್ಲಿ ಏನು ತಪ್ಪಾಯಿತೆಂದು ಅವರಿಗೆ ತಿಳಿದದ್ದು ಆಗಲೇ. ಅದು ನನ್ನ ಊಟದ ಮಾತಾಗಿತ್ತು ಎಂದು ನಕ್ಕುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಅವರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು.

"ಹೌದ್ರೀ, ನಾನ ಹೇಳೇನಿ," ಎಂದರು. "ಕುಂದರ್ರಿ, ಎಲ್ಲಾರೂ ಉಣ್ರಿ."

ಮಳೆಗಾಲವೆಲ್ಲ ಹಾಗೇ ನಡೆಯಿತು. ಚಳಿಗಾಲದಲ್ಲಿ ಜರ್ಮನಿಯ ಒಬ್ಬ ದೊಡ್ಡ ಗಿರಾಕಿ ಸಿಕ್ಕರು. ಅವರ ಜೊತೆ ಸಂಜೆ ಐದೂವರೆಗೆ ಮೀಟಿಂಗ್, ಯಾರೂ ಕುರ್ಚಿ ಬಿಟ್ಟು ಏಳಬಾರದು ಎಂದರು ಸರ್. ಆರಕ್ಕೆ ಸೂರ್ಯ ಮುಳುಗುವ ದಿನಗಳವು.

"ಐದೂವರೀಗೆ ಯಾಕ್ರಿ?" ಅಕ್ಕ ಕೇಳಿದರು.

"ಅವರದು ಮಧ್ಯಾಹ್ನದ ಊಟ ಮುಗಿಯೂದ ಆವಾಗ."

"ಅಂದ್ರ ಅವರು ಉಂಡು ಬರ್ತಾರ, ನಾವು ಉಪಾಸ ಕುಂದರೂದು."

"ಅಕ್ಕಾರ, ವ್ರತಾ ಮನ್ಯಾಗ ಇಡ್ರಿ. ನಾನೂ ಜೈನನ ಅದೀನಿ. ಬಿಟ್ಟಿಲ್ಲೇನು?"

"ನೀವು ಬಿಟ್ಟದ್ದು ನಿಮ್ಮ ಹೊಟ್ಟೀದು. ನನ್ನದಷ್ಟ ಆಗಿದ್ರ ನಾ ನಾಲ್ಕಕ್ಕ ಉಂಡು ಬಂದು ಕುಂದರತಿದ್ದೆ. ಈ ಹುಡುಗ್ರಿಗೆ ಮಾತು ಕೊಟ್ಟು ಕರಕೊಂಡು ಬಂದೇನಿ."

"ಗಿರಾಕಿ ಹೋದ್ರ?"

"ಹುಡುಗ್ರು ಹೋದ್ರ?"

"ನಿಮ್ಮ ಕೆಲಸಾನೂ ಹೋಗ್ತೈತಿ, ನೋಡ್ರಿ ಮತ್ತ."

"ಹೋಗ್ಲಿ ತಗೋರಿ. ಡಬ್ಬಿ ನಂದ ಐತಿ, ಹಿಡಕೊಂಡು ಹೋಗ್ತೇನಿ."

ಈ ಮಾತು ಸರ್ ಕ್ಯಾಬಿನ್ನಿನ ಗಾಜಿನ ಬಾಗಿಲು ದಾಟಿ ನಮಗೆಲ್ಲ ಕೇಳಿಸಿತು.

ಮೀಟಿಂಗಿನ ದಿನ ಬಂತು. ತಗಡುಗಳು ಕೆಂಪಾದವು. ಅಕ್ಕ ಕೈತೊಳೆದು ಬಂದು ಕುಳಿತರು. ಟಕ್. ನಾವು ಎದ್ದರೆ ಅವರ ಕೆಲಸ ಹೋಗಬಹುದು. ಏಳದಿದ್ದರೆ ಅವರ ಮಾತು ಹೋಗುತ್ತದೆ. ಯಾರೂ ಏಳಲಿಲ್ಲ. ಆಗ ರಸಿಕಾ ಕುರ್ಚಿ ಹಿಂದಕ್ಕೆ ಸರಿಸಿ ಡಬ್ಬಿ ತೆರೆದಳು. ಥಾಲಿಪೀಟದ ವಾಸನೆ ಕೋಣೆಯಲ್ಲಿ ಹರಡಿತು. ಆಮೇಲೆ ಎಲ್ಲ ಕುರ್ಚಿಗಳೂ ಸರಿದವು.

ಗಾಜಿನ ಕೋಣೆಯಲ್ಲಿ ಪದ್ಮಾಕರ ಸರ್ ಒಬ್ಬರೇ ಪರದೆಯ ಮುಂದಿದ್ದರು. ತಮ್ಮ ತಂಡ ಊಟಕ್ಕೆ ಕೂತಿದೆ ಎಂದು ತಡವರಿಸುತ್ತ ಇಂಗ್ಲಿಷಿನಲ್ಲಿ ಹೇಳಿದ್ದು ನಮಗೆ ಕೇಳಿತು. ಆ ಕಡೆಯಿಂದ ಒಬ್ಬ ಹೆಂಗಸಿನ ದನಿ, ಸರಿ, ಅರ್ಧ ಗಂಟೆ ಬಿಟ್ಟು ಮಾತಾಡೋಣ ಎಂದಿತು. ಅಷ್ಟೇ. ಇಷ್ಟು ದಿನ ಹೆದರಿದ್ದಕ್ಕೆ ಸಿಕ್ಕ ಉತ್ತರ ಅಷ್ಟೇ ಆಗಿತ್ತು.

ಆದರೂ ಸರ್ ಬಹಳ ದಿನ ಅಕ್ಕನ ಜೊತೆ ಮಾತಾಡಲಿಲ್ಲ. ಅಕ್ಕನೂ ತಾವಾಗಿ ಮಾತಾಡಿಸಲಿಲ್ಲ. ಬೇಸಿಗೆಯಲ್ಲಿ ಪರಾಗ ಪುಣೆಗೆ ಹೋದ. ಅಕ್ಕ ತಡೆಯಲಿಲ್ಲ. "ಅಲ್ಲೂ ಹೊತ್ತಿಗೆ ಸರಿಯಾಗಿ ಉಣ್ಣು, ಕೊಡದಿದ್ರ ಕೇಳಿ ಉಣ್ಣು," ಎಂದು ಶೇಂಗಾ ಹೋಳಿಗೆ ಕಟ್ಟಿಕೊಟ್ಟರು. ಉಳಿದವರು ಉಳಿದೆವು. ವಿಭಾಗದ ಬಾಗಿಲು ಮುಚ್ಚಲಿಲ್ಲ.

ಈ ವರ್ಷ ಮತ್ತೆ ಖಾನಾಪುರಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಅದೇ ಕೋಣೆ, ಅದೇ ಚಿತ್ರಗಳು. ಈ ಸಲ ಹುಡುಗಿಯೊಬ್ಬಳು ಎದ್ದು ಕೇಳಿದಳು: "ಸರ್, ಮನಿಗೆ ಯಾವಾಗ ಬಿಡ್ತೀರ್ರಿ?"

"ಅದನ್ನ ಮೇಡಂ..." ಎಂದ ಪದ್ಮಾಕರ ಸರ್ ಗಕ್ಕನೆ ನಿಂತರು. "ಬ್ಯಾಡ ಬ್ಯಾಡ, ನಾನ ಹೇಳ್ತೇನಿ."

ಅಷ್ಟರಲ್ಲಿ ಅಕ್ಕ ಪ್ರೊಜೆಕ್ಟರಿನ ವೈರು ಕೆಳಗಿಟ್ಟು ಮುಂದೆ ಬಂದಾಗಿತ್ತು.

"ನಿಮ್ಮೂರಿಗೆ ಕಡೀ ಬಸ್ ಎಷ್ಟಕ್ಕೈತಿ, ಅದನ್ನ ಮೊದಲ ಹೇಳವಾ," ಎಂದರು.