ಫರಸಿ ಲಾರಿಯಲ್ಲಿ ಮೆತ್ತನೆಯ ಜಾಗ

ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳವು. ದೊಡ್ಡ ಯುದ್ಧ ನಡೆಯುತ್ತಿತ್ತು. ಪೆಟ್ರೋಲಿನ ಅಭಾವ, ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಚೊಚ್ಚಲ ಬಸುರಿ, ಎಂಟು ತಿಂಗಳು ತುಂಬಿತ್ತು. ತಾಂಡೂರಿನ ಗಂಡನ ಮನೆಯಿಂದ ಜಹೀರಾಬಾದಿನ ತವರಿಗೆ ಕರೆದೊಯ್ಯಲು ತಮ್ಮ ಬಸಪ್ಪ ಬಂದಿದ್ದ. ಎತ್ತಿನ ಬಂಡಿಯಲ್ಲಿ ಕುಲುಕಾಡುತ್ತ ಹೋಗುವುದು ಬೇಡವೆಂದು ಅತ್ತೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಲಾರಿಯಲ್ಲಿ ಕಳಿಸಲು ಒಪ್ಪಿದರು.

ಡ್ರೈವರ್ ಖಾಸಿಂ ಸಾಹೇಬರು ಬಲು ಒಳ್ಳೆಯವರು. ಹೆಂಗಸರು ಡ್ರೈವರನ ಪಕ್ಕ ಕೂರುವ ಕಾಲ ಅದಲ್ಲ. ಅದಕ್ಕೇ ಅವರು ಕ್ಯಾಬಿನ್ನಿನ ಬೆನ್ನಿಗೆ ಪೇರಿಸಿದ್ದ ಕಲ್ಲನ್ನೆಲ್ಲ ಹಮಾಲರಿಂದ ಹಿಂದಕ್ಕೆ ಸರಿಸಿ, ಅಲ್ಲಿ ಹುಲ್ಲು ಹಾಕಿ, ಮೇಲೆ ಕೌದಿ ಹಾಸಿಸಿ ನನ್ನನ್ನು ಕೂರಿಸಿದರು. ಇಬ್ಬರು ಹಮಾಲರು ಹಿಂದೆ ಕಲ್ಲಿನ ಮೇಲೆ ಕೂತರು. ತಮ್ಮ ಮುಂದೆ ಕ್ಯಾಬಿನ್ನಿನಲ್ಲಿ ಕೂತ.

ನಾನು ಬಂಡಿ ಹೊಡೆಯುವವನ ಮಗಳು. ಹತ್ತುವಾಗಲೇ ಲಾರಿಯ ಮೂತಿ ಎದ್ದಂತೆ ಕಂಡಿತ್ತು. "ಸಾಹೇಬ್ರ, ಹಿಂಭಾರ ಆಗ್ಯದ ನೋಡ್ರಿ," ಎಂದೆ.

"ಇದು ಲಾರಿ ಅದವ್ವಾ. ಇದಕ ನೊಗ ಎಲ್ಲದ, ಮ್ಯಾಲ ಏಳಾಕ?" ಎಂದು ಸಾಹೇಬರು ನಕ್ಕರು. ತಮ್ಮನೂ ನಕ್ಕ. ಮೆತ್ತಗೆ ಜಾಗ ಸಿಕ್ಕಿತ್ತಲ್ಲ, ನಾನೂ ಹಟ ಮಾಡಲಿಲ್ಲ. ಆ ತಪ್ಪು ನನ್ನದೇ.

ಅರ್ಧ ದಾರಿಯಲ್ಲಿ ಒಂದು ಕಡಿದಾದ ಏರು. ಪಕ್ಕದಲ್ಲಿ ಆಳವಾದ ಹಳ್ಳ. ನಡು ಏರಿನಲ್ಲಿ ಮುಂದಿನ ಗಾಲಿಗಳು ನೆಲ ಬಿಟ್ಟು ಎದ್ದು ಎದ್ದು ಬೀಳತೊಡಗಿದವು. ಸ್ಟೇರಿಂಗು ಎಷ್ಟು ತಿರುಗಿಸಿದರೂ ಲಾರಿ ತಿರುಗಲಿಲ್ಲ. ಹಳ್ಳದ ಅಂಚಿನವರೆಗೆ ಹಿಂದಕ್ಕೆ ಜಾರಿ ನಿಂತಿತು.

"ಬ್ರೇಕಿನ ಮ್ಯಾಲಿಂದ ಕಾಲು ತೆಗಿಯಾಂಗಿಲ್ಲ! ಅಕ್ಕನ್ನ ಇಳಸ್ರಿ!" ಎಂದು ಸಾಹೇಬರು ಕೂಗಿದರು. ತಮ್ಮ ಕೆಳಗೆ ಜಿಗಿದ. ಮೂತಿ ಮತ್ತಷ್ಟು ಎದ್ದಿತು. ಅವನು ಹಿಂದಕ್ಕೆ ಓಡಿ ಬಂದು ಕೈ ಚಾಚಿದ. ಎರಡೂ ಬದಿಯ ಹಲಗೆ ಎತ್ತರ. ನಾನು ಇಳಿಯಬೇಕಾದರೆ ಕಲ್ಲಿನ ಮೇಲೆ ನಡೆದು ಹಿಂದಿನಿಂದಲೇ ಇಳಿಯಬೇಕು.

"ಜಲ್ದಿ ಬಾ ಅಕ್ಕಾ!"

"ನಾ ಏಳಂಗಿಲ್ಲ," ಎಂದೆ.

"ಹುಚ್ಚ ಹಿಡದದೇನು ನಿನಗ?"

"ನೀ ಯಾರ ಮಗ? ಹಿಂಭಾರದ ಬಂಡಿಯಾಗಿಂದ ಮೊದಲ ಯಾರು ಇಳೀತಾರ, ಹೇಳು!"

ಮುಂದಿನವರು ಎದ್ದರೆ ಮೂತಿ ಇನ್ನೂ ಏಳುತ್ತದೆ, ಹಿಂದಿನವರು ಮೊದಲು ಇಳಿಯಬೇಕು, ಇದು ನಮ್ಮ ಮನೆಯ ಕೂಸಿಗೂ ಗೊತ್ತು. "ಹಮಾಲ್ರು ಇಳೀಲಿ. ಗಾಲಿಗೆ ಕಲ್ಲು ಕೊಡ್ರಿ. ಆಮ್ಯಾಲ ಹಿಂದಿನ ಫರಸಿ ತಗೀರಿ. ಅಲ್ಲೀತನಾ ನಾ ಇಲ್ಲೇ," ಎಂದೆ. ಮಾತು ಗಟ್ಟಿಯಾಗಿತ್ತು, ಕೈ ಮಾತ್ರ ಹೊಟ್ಟೆಯ ಮೇಲಿತ್ತು. ನನ್ನ ಲೆಕ್ಕ ತಪ್ಪಿದರೆ ನಾನೊಬ್ಬಳೇ ಹೋಗುವುದಿಲ್ಲ ಎಂಬ ಹೆದರಿಕೆ ಆಗ ಆದಷ್ಟು ಮತ್ತೆಂದೂ ಆಗಿಲ್ಲ.

ಹಮಾಲರು ಜಿಗಿದು ಗಾಲಿಗೆ ಕಲ್ಲು ಕೊಟ್ಟರು. ಮೂವರೂ ಸೇರಿ ಒಂದೊಂದೇ ಫರಸಿ ಇಳಿಸಿದರು. ಹತ್ತೋ ಹನ್ನೆರಡೋ ಇಳಿದ ಮೇಲೆ ಮುಂದಿನ ಗಾಲಿಗಳು ನೆಲಕ್ಕೆ ಕೂತವು. ಸಾಹೇಬರು ಇಳಿದು ಬಂದು ಮುಖ ಒರೆಸಿಕೊಂಡು, "ನಿನ್ನ ಸುಖಕ್ಕಂತ ಮಾಡಿದ್ದೆನವ್ವಾ," ಎಂದರು.

ಮತ್ತೆ ಕಲ್ಲು ಹೇರುವಾಗ ಕೌದಿಯ ಜಾಗಕ್ಕೆಲ್ಲ ಫರಸಿ ಬಂತು. ಉಳಿದ ದಾರಿ ನಾನು ಬರಿಗಲ್ಲಿನ ಮೇಲೆ ಕೂತು ಬಂದೆ. ನಡು ಮುರಿದಂತಾಗಿತ್ತು, ಆದರೂ ಸಮಾಧಾನವಿತ್ತು. ತಿಂಗಳೊಪ್ಪತ್ತಿನಲ್ಲಿ ಮಗಳು ಹುಟ್ಟಿದಳು.

ಈಗಲೂ ಎಲ್ಲಾದರೂ ಲಾರಿ ಪಲ್ಟಿಯಾದ ಸುದ್ದಿ ಬಂದರೆ ಜನ ಬ್ರೇಕನ್ನೋ ಡ್ರೈವರನನ್ನೋ ಬೈಯುತ್ತಾರೆ. ಅವೂ ಇರಬಹುದು. ಭಾರ ಎಲ್ಲಿತ್ತು, ಅದನ್ನು ಯಾರ ಸುಖಕ್ಕಾಗಿ ಸರಿಸಿದ್ದರು ಎಂದು ನಾನು ಮೊದಲು ಕೇಳುತ್ತೇನೆ.