ಬ್ರೇಕ್ ಮೇಷ್ಟ್ರು ಕೊಂಡ ಸ್ಪೋರ್ಟ್ಸ್ ಕಾರು

ಆ ಊರಿನ ಅರ್ಧಕ್ಕರ್ಧ ಜನಕ್ಕೆ ಕಾರು ಕಲಿಸಿದವರು ಒಬ್ಬರೇ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೂ ಇತ್ತು, ಆದರೆ ಅದನ್ನು ಬಳಸುವವರು ಯಾರೂ ಇರಲಿಲ್ಲ. ಎಲ್ಲರ ಬಾಯಲ್ಲೂ ಅವರು ಬ್ರೇಕ್ ಮೇಷ್ಟ್ರು. ತರಬೇತಿ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕ್ ಇದ್ದರೆ, ಪಕ್ಕದ ಸೀಟಿನಲ್ಲಿ ಕೂತ ಮೇಷ್ಟ್ರ ಕಾಲ ಬಳಿ ಇನ್ನೊಂದು. ಆ ಒಂದು ಪೆಡಲ್ ತುಳಿದೇ ಅವರು ಸಂಸಾರ ತೂಗಿಸಿದ್ದರು. ಗೋಡೆಗೆ, ಕಂಬಕ್ಕೆ, ಒಮ್ಮೆ ಪೊಲೀಸ್ ಜೀಪಿಗೇ ಹೋಗಿ ಗುದ್ದಬೇಕಿದ್ದ ಮಹಾನುಭಾವರನ್ನೆಲ್ಲ ಗೇಣು ದೂರದಲ್ಲಿ ನಿಲ್ಲಿಸಿ ಮಾನ ಉಳಿಸಿದ್ದರು.

ಅಷ್ಟು ವರ್ಷ ಕಾರಿನಲ್ಲೇ ಕಳೆದರೂ ಅವರು ಸ್ಟೀರಿಂಗ್ ಹಿಡಿದದ್ದು ಕಡಿಮೆ. ಬೆಳಗ್ಗೆ ಮೊದಲ ಪಾಠದ ಮನೆಯವರೆಗೆ, ಸಂಜೆ ಕೊನೆಯ ಪಾಠ ಮುಗಿಸಿ ತಮ್ಮ ಮನೆಯವರೆಗೆ, ಅಷ್ಟೇ. ಉಳಿದ ಹೊತ್ತೆಲ್ಲ ಪಕ್ಕದ ಸೀಟು. ಹೆಂಡತಿ ಬಿಸಿ ಪಾತ್ರೆ ಹಿಡಿದು ಸ್ವಲ್ಪ ಬಿರುಸಾಗಿ ಬಂದರೂ ಊಟದ ಮೇಜಿನ ಕೆಳಗೆ ಅವರ ಕಾಲು ನೆಲ ಒತ್ತುತ್ತಿತ್ತು. ಇದನ್ನು ನೆಂಟರಿಷ್ಟರ ಮುಂದೆ ಹೇಳಿ ನಗಿಸುತ್ತಿದ್ದವಳೂ ಆಕೆಯೇ.

ಅವರಿಗಿದ್ದದ್ದು ಒಂದೇ ಒಂದು ಆಸೆ. ಎರಡೇ ಸೀಟಿನ, ನೆಲಕ್ಕೆ ಅಂಟಿಕೊಂಡಂತಿರುವ, ಉದ್ದ ಮೂತಿಯ ಹಳೆಯ ಸ್ಪೋರ್ಟ್ಸ್ ಕಾರು. ಯಾರಿಗೂ ಕಲಿಸುವುದಕ್ಕಲ್ಲ, ತಾವೇ ಓಡಿಸುವುದಕ್ಕೆ. ಅದರ ಚಿತ್ರವೊಂದು ಬೀರುವಿನ ಬಾಗಿಲ ಒಳಗಡೆ ಮಾಸಿ ಹೋಗಿತ್ತು. "ಅದರೊಳಗೆ ಒಂದ್ಸಲ ಕೂತ್ರೆ ನಿಮ್ಮನ್ನ ಎಬ್ಬಿಸೋಕೆ ಇಬ್ಬರು ಬೇಕು ಕಣ್ರೀ," ಎಂದು ಹೆಂಡತಿ ಛೇಡಿಸುತ್ತಿದ್ದಳು. ಮೇಷ್ಟ್ರು ನಕ್ಕು ಸುಮ್ಮನಾಗುತ್ತಿದ್ದರು, ಆಸೆ ಮಾತ್ರ ಸುಮ್ಮನಾಗಲಿಲ್ಲ.

ಅಂಥ ಕಾರು ಬಂದಿದೆ ಎಂದು ಸುದ್ದಿ ಕಳಿಸಿದವನು ತಂಗಿಯ ಮಗ. ತಂಗಿ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದುದರಿಂದ ಅವನು ಬೆಳೆದದ್ದೆಲ್ಲ ಈ ಮಾವನ ಮನೆಯಲ್ಲೇ. ಮೇಷ್ಟ್ರ ಕೈಯಲ್ಲಿ ಪಳಗಿದವರಲ್ಲಿ ಅವನಷ್ಟು ನಯವಾಗಿ ಗಾಡಿ ಓಡಿಸುವವರು ಇನ್ನೊಬ್ಬರಿರಲಿಲ್ಲ. ಈಗ ಊರಾಚೆ ಅಂಗಳವೊಂದನ್ನು ಹಿಡಿದು ಹಳೆ ಕಾರುಗಳ ವ್ಯಾಪಾರ ಮಾಡುತ್ತಿದ್ದ. "ನಿಮಗೆ ತೋರಿಸದೆ ಬೇರೆ ಯಾರಿಗೂ ತೋರಿಸಲ್ಲ ಮಾವ," ಎಂದಿದ್ದ. ಆ ಮಾತಿಗೇ ಮೇಷ್ಟ್ರು ಕರಗಿ ನೀರಾಗಿದ್ದರು.

ಇವರು ಹೋಗುವಷ್ಟರಲ್ಲಿ ಕಾರು ತೊಳೆದು, ಒರೆಸಿ, ಎಂಜಿನ್ ಚಾಲೂ ಮಾಡಿ ನಿಲ್ಲಿಸಿದ್ದ. ಹಳೆ ಕಾರು ನೋಡಲು ಹೋದರೆ ಎಂಜಿನ್ ತಣ್ಣಗಿರಬೇಕು, ಕಾಲಡಿಯ ಹಾಸು ಎತ್ತಿ ತುಕ್ಕು ಹುಡುಕಬೇಕು, ಬಿಡಿಭಾಗ ಇನ್ನೂ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಇದನ್ನು ಕಂಡಕಂಡವರಿಗೆಲ್ಲ ಪುಕ್ಕಟೆಯಾಗಿ ಹೇಳುತ್ತಿದ್ದವರು ಇದೇ ಮೇಷ್ಟ್ರು. ಬೇರೆಯವರ ಅಂಗಳವಾಗಿದ್ದರೆ ಬಟ್ಟೆ ಕೊಳೆಯಾದರೂ ಸರಿ ಎಂದು ಗಾಡಿಯ ಕೆಳಗೆ ತೂರುತ್ತಿದ್ದರು. ಮನೆ ಹುಡುಗನ ಎದುರು ಹಾಸು ಎತ್ತಿ ನೋಡುವುದು ಅವರಿಗೆ ನಾಚಿಕೆಯೆನಿಸಿತು.

"ನೀವೇ ಓಡಿಸಿ ನೋಡಿ ಮಾವ," ಎಂದು ಅಳಿಯ ಹೇಳಿದ್ದು ನಿಜ. ಹೇಳುವ ಹೊತ್ತಿಗೆ ಮೇಷ್ಟ್ರು ಹಳೆಯ ಅಭ್ಯಾಸದಂತೆ ಪಕ್ಕದ ಸೀಟಿನ ಬಾಗಿಲು ತೆಗೆದು ಒಳಗೆ ಇಳಿದಾಗಿತ್ತು. ಅವರು ಅಲ್ಲೇ ಕೂರುತ್ತಾರೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಅಷ್ಟು ಧಾರಾಳವಾಗಿ ಹೇಳಿದ್ದ.

ಹಾಗೆ ಮೇಷ್ಟ್ರು ಕಾರು ನೋಡಲು ಹೋಗಿ ಓಡಿಸುವವನನ್ನು ನೋಡಿಕೊಂಡು ಕೂತರು. ಕನ್ನಡಿಯ ಮೇಲೆ ಕಣ್ಣು ಸರಿಯಾಗಿದೆ, ತಿರುವಿನಲ್ಲಿ ಕೈ ಸರಿಯಾಗಿದೆ. ಎರಡನೇ ಗೇರಿಗೆ ಬರುವಾಗಲೆಲ್ಲ ಹುಡುಗ ಕ್ಲಚ್ಚನ್ನು ಎರಡು ಸಲ ತುಳಿದ. ತರಬೇತಿ ಕಾರಿನ ಗೇರುಪೆಟ್ಟಿಗೆ ಸವೆದಿದ್ದ ಕಾಲದಲ್ಲಿ, ಗೇರು ಕಿರುಚದಿರಲೆಂದು ಮೇಷ್ಟ್ರೇ ಕಲಿಸಿದ ಉಪಾಯವದು. ಇನ್ನೂ ಮರೆತಿಲ್ಲವಲ್ಲ ಎಂದು ಅವರ ಎದೆಯುಬ್ಬಿತು, ಕಣ್ಣು ಕೂಡ ಸ್ವಲ್ಪ ಒದ್ದೆಯಾಯಿತು. ಕಾಯಿಲೆ ಕಣ್ಣೆದುರಿಗೇ ಕೂತು ಕಾಲು ಕುಣಿಸುತ್ತಿದ್ದರೂ ಇವರಿಗೆ ಅದು ಶಿಷ್ಯನ ಜಾಣತನವಾಗಿ ಕಂಡಿತು.

ಮಾತುಕತೆ ಅಲ್ಲೇ ಮುಗಿಯಿತು. ತರಬೇತಿ ಕಾರನ್ನು ಅಳಿಯನಿಗೆ ಕೊಡುವುದು, ಬದಲಿಗೆ ಈ ಕಾರು ಇವರಿಗೆ. ಹಾಗಾದರೆ ಪಾಠದ ಗತಿಯೇನು ಎಂದು ಕೇಳಿದ್ದಕ್ಕೆ, ತರಬೇತಿ ಕಾರು ತನ್ನ ಅಂಗಳದಲ್ಲೇ ಇರುತ್ತದೆ, ದಿನಾ ಬಂದು ತೆಗೆದುಕೊಂಡು ಹೋದರಾಯಿತು ಎಂದ. ಮೇಷ್ಟ್ರಿಗೆ ಅದೂ ಸರಿಯೆನಿಸಿತು. ಸಂಜೆ ಅಳಿಯನೇ ಸ್ಪೋರ್ಟ್ಸ್ ಕಾರನ್ನು ಅವರ ಮನೆ ಮುಂದೆ ತಂದು ನಿಲ್ಲಿಸಿ ಹೋದ.

ಮಾರನೆಯ ಬೆಳಗ್ಗೆ ತಣ್ಣಗಾಗಿದ್ದ ಎಂಜಿನ್ ಜಪ್ಪಯ್ಯ ಎಂದರೂ ಏಳಲಿಲ್ಲ. ಅಕ್ಕಪಕ್ಕದವರು ಸೇರಿ ತಳ್ಳಿದಾಗ ಎದ್ದಿತು. ಎರಡನೇ ಗೇರಿಗೆ ಹಾಕಿದ ಕೂಡಲೇ ಅದು ಕಿರುಚಿದ ಸದ್ದಿಗೆ ಬೀದಿಯ ಕಿಟಕಿಗಳೆಲ್ಲ ತೆರೆದುಕೊಂಡವು. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಅವತ್ತು ಆಕೆ ತಮಾಷೆ ಮಾಡಲಿಲ್ಲ.

ಹೇಗೋ ಮೂಲೆಯ ಗ್ಯಾರೇಜು ಮುಟ್ಟಿಸಿದರು. ಅಲ್ಲಿಯ ಮೆಕ್ಯಾನಿಕ್ ಹಾಸು ಕಿತ್ತು ತೆಗೆದರೆ ಕೆಳಗೆ ತುಕ್ಕು ತಿಂದ ನೆಲ, ಅದರ ಮೇಲೆ ಹೊಸದಾಗಿ ಅಂಟಿಸಿದ ತಗಡು. ಸ್ಟಾರ್ಟರ್ ಸತ್ತಿತ್ತು. ಗೇರುಪೆಟ್ಟಿಗೆಯ ಸಾಮಾನು ಈಗ ಯಾರೂ ತಯಾರಿಸುವುದಿಲ್ಲವಂತೆ. ಮೇಷ್ಟ್ರಿಗೆ ಇದಾವುದೂ ಅಷ್ಟು ತಟ್ಟಲಿಲ್ಲ. ಅವರು ಕೇಳಿದ್ದು ಒಂದೇ, ನಿನ್ನೆ ಸದ್ದೇ ಇಲ್ಲದೆ ಓಡಿಸಿ ತೋರಿಸಿದ, ಮಾರಿದವನಿಗೆ ಇದು ಗೊತ್ತಿರಲಿಕ್ಕಿಲ್ಲ, ಅಲ್ಲವೇ?

"ಗೊತ್ತಿಲ್ಲದೆ ಸದ್ದಾಗದ ಹಾಗೆ ಇದನ್ನ ಓಡಿಸೋಕೆ ಆಗಲ್ಲ," ಎಂದ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತ. "ಕ್ಲಚ್ ಎರಡು ಸಲ ತುಳೀಬೇಕು. ಈಗಿನವರಿಗೆ ಅದು ಬರಲ್ಲ. ಅವನಿಗೆ ಯಾರೋ ಚೆನ್ನಾಗಿ ಕಲಿಸಿದ್ದಾರೆ."

ಮೇಷ್ಟ್ರು ಕಿತ್ತಿಟ್ಟ ಹಾಸನ್ನು ತಾವೇ ಎತ್ತಿ ಮತ್ತೆ ಮುಚ್ಚಿದರು. ಹೊರಗಿನವನು ಟೋಪಿ ಹಾಕಿದ್ದರೆ ಬೈದುಕೊಂಡು ಮರೆಯಬಹುದಿತ್ತು. ಇದು ತಾವೇ ಹೇಳಿಕೊಟ್ಟ ವಿದ್ಯೆ, ತಮ್ಮ ಮೇಲೇ ತಿರುಗಿತ್ತು. ಅವನು ತಮ್ಮ ಮಡಿಲಲ್ಲಿ ಕೂತು ಸ್ಟೀರಿಂಗ್ ಹಿಡಿದ ದಿನಗಳು ನೆನಪಾಗಿ ಅವರಿಗೆ ದುಃಖಕ್ಕಿಂತ ಹೆಚ್ಚಾಗಿ ಅವಮಾನವಾಯಿತು.

ಗಾಡಿಯನ್ನು ಮತ್ತೆ ತಳ್ಳಿಸಿ ಎಬ್ಬಿಸಿಕೊಂಡು ಅಂಗಳಕ್ಕೆ ಹೋಗಿ ಕೇಳಿದಾಗ ಅಳಿಯ ಕಣ್ಣು ತಪ್ಪಿಸಲೂ ಇಲ್ಲ. ಹಳೆ ಕಾರೆಂದ ಮೇಲೆ ಹೀಗೇ ಇರುತ್ತದೆ, ಓಡಿಸಿ ನೋಡಿ ಎಂದು ತಾನು ಹೇಳಿರಲಿಲ್ಲವೇ ಎಂದ. ತರಬೇತಿ ಕಾರಿನ ಗಾಜಿಗೆ ಆಗಲೇ ಮಾರಾಟದ ಚೀಟಿ ಅಂಟಿಸಿದ್ದ. ಪಾಠ ನಿಂತರೆ ಮನೆ ನಡೆಯುವುದು ಹೇಗೆಂದು ಮೇಷ್ಟ್ರು ಕೇಳಿದರು. ಕೇಳುವಾಗ ಅವರ ದನಿ ಎಷ್ಟು ಇಳಿದಿತ್ತೆಂದರೆ ಅವರಿಗೇ ಅಸಹ್ಯವಾಯಿತು.

ಅದಕ್ಕೂ ಅವನ ಬಳಿ ದಾರಿಯಿತ್ತು. ಸ್ಪೋರ್ಟ್ಸ್ ಕಾರನ್ನು ಕೇಳಿಕೊಂಡು ಒಬ್ಬರು ನರ್ಸ್ ಬರುತ್ತಿದ್ದಾರೆ, ಆಕೆಯೂ ಮಾವನ ಬಳಿಯೇ ಕಲಿತವಳು. "ನೀವು ಓಡಿಸಿ ತೋರಿಸಿ ಮಾವ. ನಿಮ್ಮ ಕಾಲಿಗೆ ಈ ಗಾಡಿ ತುಟಿ ಬಿಚ್ಚಲ್ಲ. ಅವರು ತಗೊಂಡ ತಕ್ಷಣ ನಿಮ್ಮ ತರಬೇತಿ ಕಾರು ನಿಮಗೆ." ಹಾಗೆಂದು ಅದರ ಕೀಲಿಯನ್ನು ಮೇಜಿನ ಮೇಲಿಟ್ಟ.

ನರ್ಸ್ ಬಂದಳು. ಮೇಷ್ಟ್ರನ್ನು ಕಂಡದ್ದೇ ಆಕೆಯ ಮುಖ ಅರಳಿತು. ನೀವಿದ್ದೀರಿ ಎಂದರೆ ಬೇರೆ ಯಾರನ್ನೂ ಕೇಳಬೇಕಿಲ್ಲ ಎಂದಳು. ಅಳಿಯ ಎಂಜಿನ್ ಚಾಲೂ ಮಾಡಿಯೇ ಇಟ್ಟಿದ್ದ. ಮೇಷ್ಟ್ರು ಮೇಜಿನ ಮೇಲಿನ ಕೀಲಿಯನ್ನೊಮ್ಮೆ ನೋಡಿದರು. ಕ್ಲಚ್ಚನ್ನು ಎರಡು ಸಲ ತುಳಿದರೆ ಬದುಕು ಮತ್ತೆ ಮೊದಲಿನಂತೆ, ಬರೀ ಒಂದು ಸುತ್ತಿನ ಮಾತು. ನಂತರ ಅವರು ನಡೆದು ಹೋಗಿ ಪಕ್ಕದ ಸೀಟಿನಲ್ಲಿ ಕೂತರು.

"ನೀನೇ ಓಡಿಸಮ್ಮ. ಎರಡನೇ ಗೇರಿಗೆ ಹಾಕಿ ನೋಡು."

ಅಂಗಳದ ಒಂದು ಸುತ್ತು ಮುಗಿಯುವುದರೊಳಗೆ ಗೇರು ಎರಡು ಸಲ ಕಿರುಚಿತು. ಆಕೆ ಇಳಿದು, ಏನೂ ಕೇಳದೆ, ಮೇಷ್ಟ್ರಿಗೆ ಕೈ ಮುಗಿದು ಹೊರಟು ಹೋದಳು. ಅಳಿಯ ಮೇಜಿನ ಮೇಲಿದ್ದ ಕೀಲಿಯನ್ನು ತೆಗೆದು ಜೇಬಿಗೆ ಹಾಕಿಕೊಂಡ.

"ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ."

"ಅವಳು ನನ್ನ ನಂಬಿ ಬಂದಿದ್ದಳು ಕಣೋ."

"ಹಾಗಾದ್ರೆ ಗಾಡಿ ತಗೊಂಡು ಹೊರಡಿ. ಜಾಗ ಬೇಕು ನನಗೆ."

ಅಷ್ಟರಲ್ಲಿ ಎಂಜಿನ್ ನಿಂತು ಹೋಗಿತ್ತು. ಮೇಷ್ಟ್ರು ಈ ಬದಿಯಿಂದ ಇಳಿದು, ಸುತ್ತು ಹಾಕಿ ಬಂದು, ಸ್ಟೀರಿಂಗ್ ಹಿಡಿದು ಕೂತರು. ಅಳಿಯ ಹಿಂದೆ ಬಂದು ಎರಡೂ ಕೈ ಕೊಟ್ಟು ತಳ್ಳತೊಡಗಿದ. ಬಲವಾಗಿಯೇ ತಳ್ಳಿದ. ಗಾಡಿ ಉರುಳಿ ವೇಗ ಹಿಡಿಯುತ್ತಿದ್ದಂತೆ ಮೇಷ್ಟ್ರು ಗೇರು ಹಾಕಲು ಕಾದರು, ಇನ್ನೊಂದಿಷ್ಟು ತಳ್ಳಿದರೆ ಎಂಜಿನ್ ಏಳುವ ಹಾಗಿತ್ತು. ಹಿಂದಿನ ಚಕ್ರ ಗೇಟು ದಾಟಿದ ಕೂಡಲೇ ಅವನು ಕೈ ತೆಗೆದ. ಗಾಡಿ ರಸ್ತೆಯ ನಡುವೆ ನಿಂತಿತು. ಮೇಷ್ಟ್ರು ಕನ್ನಡಿಯಲ್ಲಿ ನೋಡುತ್ತಿದ್ದಂತೆಯೇ ಅವನು ಗೇಟು ಎಳೆದು ಒಳಗಿನಿಂದ ಚಿಲಕ ಹಾಕಿಕೊಂಡ.