ಮೂರನೇ ಕೂಗು

ಕೋರ್ಟಿನ ಬಾಗಿಲಲ್ಲಿ ನಿಂತು ಹೆಸರು ಕೂಗುವುದು ನನ್ನ ಕೆಲಸ. ಮೇಷ್ಟ್ರೊಬ್ಬರು ಅಜ್ಜಂಪುರದ ಬಸ್ಸಿಳಿದು ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಕಾಲೇಜಿನಲ್ಲಿ ಸಂವಿಧಾನ ಕಲಿಸಿದವರು. ಸರ್ಕಾರದ ಎದುರು ಕೋರ್ಟುಗಳು ಹೇಗೆ ನಡೆದುಕೊಳ್ಳುತ್ತವೆ ಎಂದು ಪುಸ್ತಕ ಬರೆಯುತ್ತಿದ್ದರು. ನನ್ನ ಒಂದೊಂದು ಕೂಗಿಗೂ ಒಂದೊಂದು ಬೆರಳು ಮಡಿಸುತ್ತಿದ್ದರು. ಸರ್ಕಾರದ ಕಡೆಯವರು ಬಾರದ ದಿನ, ‘ಬಂದವ್ರೆ ಕಣ್ರೀ, ಕಾಣಲ್ಲ ಅಷ್ಟೆ’ ಎನ್ನುತ್ತಿದ್ದರು. ಓದು ಹೆಚ್ಚಾಗಿ ಹೀಗಾಗಿದೆ ಎಂದು ನಾನು ನಗುತ್ತಿದ್ದೆ.

ಒಂದು ದಿನ, ಅಧಿಕಾರಿಯೊಬ್ಬರ ಆದೇಶದಿಂದ ಅಂಗಡಿ ಕಳೆದುಕೊಂಡ ಅಮೃತಾಪುರದ ಹೆಂಗಸಿನ ಕೇಸು ಬಂತು. ಸರ್ಕಾರದವರನ್ನು ಮೂರು ಸಲ ಕೂಗಿದೆ. ಯಾರೂ ಬರಲಿಲ್ಲ. ಇನ್ನು ಆಕೆ ಗೆದ್ದಂತೆಯೇ ಎಂದುಕೊಂಡೆ. ಪೆನ್ನು ಎತ್ತಿದ ಜಡ್ಜ್ ಸಾಹೇಬರು ಸರ್ಕಾರದ ಕಡೆಯವರ ಖಾಲಿ ಕುರ್ಚಿಯನ್ನೇ ಬಹಳ ಹೊತ್ತು ನೋಡಿದರು. ಅಲ್ಲಿಂದ ಯಾರೋ ಏನೋ ಹೇಳಿದಂತೆ ಮೆಲ್ಲಗೆ ತಲೆಯಾಡಿಸಿ, ಪೆನ್ನಿಗೆ ಮುಚ್ಚಳ ಹಾಕಿ, ಕೇಸು ಮುಂದೂಡಿದರು.

‘ಅಲ್ಲಿ ಯಾರೂ ಇರ್ಲಿಲ್ವಲ್ಲಪ್ಪಾ,’ ಎಂದಳು ಆ ಹೆಂಗಸು ನನ್ನ ಹತ್ತಿರ ಬಂದು. ಮೇಷ್ಟ್ರು ಮಡಿಸಿದ ಮೂರು ಬೆರಳನ್ನು ಬಿಡಿಸದೆ ಕೂತಿದ್ದರು.

ಅವರು ಬರುವುದು ನಿಂತು ವರ್ಷಗಳಾದವು. ಈಗಲೂ ಮೂರನೇ ಕೂಗಿಗೆ ಸರ್ಕಾರದವರು ಬಾರದಿದ್ದರೆ, ನಾನು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತೇನೆ.